ಸಹಾಯ ಬೇಕು: ವಿಡಿಯೋ ಪಾಠ ನೋಡಿ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಸಿಇಟಿಗೆ ಓದುತ್ತಿದ್ದೇನೆ. ಪಾಠ ಎಲ್ಲ ರೆಕಾರ್ಡ್ ಆದ ವಿಡಿಯೋಗಳೇ. ಕಷ್ಟ ಆಗಿರುವುದು ಫಿಸಿಕ್ಸ್.

ಒಂದು ಗಂಟೆಯ ವಿಡಿಯೋ ಮುಗಿಸಲು ನನಗೆ ಮೂರು ಗಂಟೆ ಬೇಕು. ಸರ್ ಬೋರ್ಡ್ ಮೇಲೆ ಬರೆದದ್ದನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಟ್ಸ್‌ಗೆ ಇಳಿಸುತ್ತೇನೆ. ನಿನ್ನೆ ಸರ್ಕ್ಯೂಟ್‌ನ ಕರೆಂಟ್, ವೋಲ್ಟೇಜ್ ಲೆಕ್ಕಕ್ಕೆ ಬಳಸುವ ಕಿರ್ಚಾಫ್ ನಿಯಮದ ಪಾಠಕ್ಕೇ ಹನ್ನೊಂದು ಪುಟ ಆಯ್ತು. ಇವತ್ತು ಬೆಳಿಗ್ಗೆ ಎರಡು ಲೂಪ್ ಇರುವ ಒಂದು ಸರ್ಕ್ಯೂಟ್ ಲೆಕ್ಕ ಹಿಡಿದು ಕೂತೆ. ಬ್ಯಾಟರಿಯ ಮೈನಸ್ ತುದಿಯಿಂದ ಪ್ಲಸ್ ಕಡೆ ಹೋಗುವಾಗ ಯಾವ ಚಿಹ್ನೆ ಹಾಕಬೇಕು ಅನ್ನುವಲ್ಲೇ ಕೈ ನಿಂತುಹೋಯಿತು. ನೋಡುವಾಗ ಎಲ್ಲ ಅರ್ಥ ಆದ ಹಾಗೇ ಇತ್ತು! ತುಂಬಾ ಬೇಜಾರಾಯಿತು.

ಪರೀಕ್ಷೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡ್ ಅಷ್ಟೇ ಅಲ್ವಾ?

ಸ್ಪೀಡ್ 1.5 ಇಟ್ಟೂ ನೋಡಿದೆ. ವಿವರಣೆ ಕೇಳಲು ಪರವಾಗಿಲ್ಲ, ಸೂತ್ರ ಬಿಡಿಸಿ ತೋರಿಸುವಾಗ ಹಿಂದೆ ಬೀಳುತ್ತೇನೆ. ನಾಳೆಯಿಂದ ಸರ್ ಲೆಕ್ಕ ಮಾಡುವ ಮೊದಲೇ ವಿಡಿಯೋ ನಿಲ್ಲಿಸಿ ನಾನೇ ಪ್ರಯತ್ನಿಸಬೇಕು ಅಂದುಕೊಂಡಿದ್ದೇನೆ.

ಹೀಗೆ ಓದಿದವರು ಇದ್ದೀರಾ? ನೋಟ್ಸ್ ಯಾವಾಗ ಬರೆಯುತ್ತಿದ್ದಿರಿ, ನೋಡುತ್ತಾ ನೋಡುತ್ತಲೋ, ಮುಗಿದ ಮೇಲೋ? ಅರ್ಥ ಆಗದಿದ್ದರೆ ಅದೇ ವಿಡಿಯೋ ಮತ್ತೆ ನೋಡುತ್ತಿದ್ದಿರಾ, ಇಲ್ಲ ಲೆಕ್ಕಕ್ಕೇ ಕೂರುತ್ತಿದ್ದಿರಾ? ಅಣ್ಣ ಅಕ್ಕಂದಿರು ದಯವಿಟ್ಟು ತಿಳಿಸಿ.