ಅಪ್‌ಡೇಟ್: ಮೆಷಿನ್ ಚೆಕ್ ರೆಕಾರ್ಡಿಂಗ್ ಮತ್ತೆ ಶುರುವಾಯಿತು

ನಮ್ಮ ಜೆಡ್‌ಓಎಸ್‌ನಲ್ಲಿ (ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ಒಂದು ಪ್ರೊಸೆಸರ್‌ನ ಹಾರ್ಡ್‌ವೇರ್ ಎರರ್‌ಗಳು, ಅಂದರೆ ಮೆಷಿನ್ ಚೆಕ್‌ಗಳು, ಇದ್ದಕ್ಕಿದ್ದಂತೆ ಲಾಗ್‌ರೆಕ್‌ಗೆ (ಎರರ್‌ಗಳನ್ನು ಬರೆದಿಡುವ ಲಾಗ್) ಬರುವುದು ನಿಂತಿದೆ, ಏನು ಮಾಡಲಿ ಅಂತ ಕೇಳಿದ್ದೆ. ರೆಕಾರ್ಡಿಂಗ್ ಸ್ಥಿತಿ ತೋರಿಸುವ 'ಮೋಡ್ ಸ್ಟೇಟಸ್' ಕಮಾಂಡ್ ಕೊಟ್ಟು ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಉತ್ತರ ಅಲ್ಲೇ ಇತ್ತು.

ಆ ಪ್ರೊಸೆಸರ್‌ನಲ್ಲಿ ಎಸ್‌ಆರ್, ಅಂದರೆ ಸಿಸ್ಟಮ್ ರಿಕವರಿ ಎಂಬ ಬಗೆಯ ಎರರ್‌ಗಳ ರೆಕಾರ್ಡಿಂಗ್, ಕ್ವಯಟ್ ಮೋಡ್‌ಗೆ ಹೋಗಿತ್ತು. ಇವು ಹಾರ್ಡ್‌ವೇರ್ ತಾನೇ ಸರಿಮಾಡಿಕೊಂಡ ಎರರ್‌ಗಳು. ನಿಗದಿತ ಸಮಯದೊಳಗೆ ಮಿತಿ ಮೀರಿ ಬಂದರೆ ಸಿಸ್ಟಮ್ ಅವನ್ನು ಬರೆಯುವುದನ್ನೇ ನಿಲ್ಲಿಸುತ್ತದೆ. ಎರರ್ ನಿಂತಿರಲಿಲ್ಲ, ಬರೆಯುವುದು ನಿಂತಿತ್ತು. ಈ ವ್ಯತ್ಯಾಸ ತುಂಬಾ ಮುಖ್ಯ ಅಲ್ವಾ?

ಆ ಒಂದು ಪ್ರೊಸೆಸರ್‌ಗೆ ಮಾತ್ರ 'ಮೋಡ್ ಎಸ್‌ಆರ್,ರೆಕಾರ್ಡ್=ಆಲ್' ಕೊಟ್ಟೆವು, ಅಂದರೆ ಮಿತಿಯಿಲ್ಲದೆ ಎಲ್ಲವನ್ನೂ ಬರೆ ಅಂತ. ರೆಕಾರ್ಡ್‌ಗಳು ಮತ್ತೆ ಬರತೊಡಗಿದವು. ಎರೆಪ್ (ಲಾಗ್‌ರೆಕ್‌ನಿಂದ ರಿಪೋರ್ಟ್ ತೆಗೆಯುವ ಪ್ರೋಗ್ರಾಮ್) ರಿಪೋರ್ಟ್ ತೆಗೆದು ಹಾರ್ಡ್‌ವೇರ್ ಸರ್ವಿಸ್‌ನವರಿಗೆ ಕೊಟ್ಟಿದ್ದೇವೆ.

ಎಲ್ಲ ಬಗೆಯ ಎರರ್‌ಗಳಿಗೂ ಆಲ್ ಹಾಕಿಬಿಡಿ ಎಂದೂ ಒಬ್ಬರು ಹೇಳಿದ್ದರು. ಅದನ್ನು ನಾನು ಒಪ್ಪುವುದಿಲ್ಲ. ಪಿಡಿ, ಅಂದರೆ ಇನ್‌ಸ್ಟ್ರಕ್ಷನ್ ಪ್ರೊಸೆಸಿಂಗ್ ಡ್ಯಾಮೇಜ್, ಗಂಭೀರ ಎರರ್. ಅದು ಮಿತಿ ದಾಟಿದರೆ ಸಿಸ್ಟಮ್ ಆ ಪ್ರೊಸೆಸರನ್ನು ಆಫ್‌ಲೈನ್ ಮಾಡಿ, ಕೆಲಸವನ್ನು ಉಳಿದವಕ್ಕೆ ಕೊಡುತ್ತದೆ. ಆಲ್ ಹಾಕಿದರೆ ಮಿತಿಯೇ ಇರುವುದಿಲ್ಲ. ಕೆಟ್ಟ ಪ್ರೊಸೆಸರ್ ಸುಮ್ನೆ ಓಡುತ್ತಲೇ ಇರುತ್ತದೆ. ಹಾಗಾಗಿ ಪಿಡಿ ಮಿತಿಯನ್ನು ಮುಟ್ಟಿಲ್ಲ.

ಇನ್ನೊಂದು ವಿಷಯ: ಕನ್ಸೋಲ್‌ನಲ್ಲಿ ಕೊಟ್ಟ ಈ ಎಸ್‌ಆರ್ ಸೆಟ್ಟಿಂಗ್ ಮುಂದಿನ ಐಪಿಎಲ್ (ಸಿಸ್ಟಮ್ ಮತ್ತೆ ಸ್ಟಾರ್ಟ್ ಮಾಡುವುದು) ನಂತರ ಉಳಿಯುವುದಿಲ್ಲ. ಕೆಟ್ಟ ಪಾರ್ಟ್ ಬದಲಾಗುವವರೆಗೆ ಬೇಕು ಅಂತ ಪಾರ್ಮ್‌ಲಿಬ್‌ನ (ಸಿಸ್ಟಮ್ ಸೆಟ್ಟಿಂಗ್‌ಗಳ ಲೈಬ್ರರಿ) ಕಮಾಂಡ್ ಮೆಂಬರ್‌ಗೆ, ಅಂದರೆ ಐಪಿಎಲ್ ಆದಾಗ ತಾನಾಗಿ ಓಡುವ ಕಮಾಂಡ್‌ಗಳ ಪಟ್ಟಿಗೆ, ಸೇರಿಸಿದ್ದೇವೆ. ಬದಲಾದ ಮೇಲೆ ಆ ಸಾಲು ತೆಗೆಯುತ್ತೇವೆ.