ಬೆಳ್ಳುಳ್ಳಿ ಕಿತ್ತ ಮಡಿಗೆ ಈಗ ಏನು ಹಾಕೋದು?

ಪುಟ್ಟಿ, ನಿನ್ನ ಫೋಟೋ ಬೆಳಿಗ್ಗೆಯೇ ನೋಡಿದೆ. ಬೆಳ್ಳುಳ್ಳಿ ಚೆನ್ನಾಗಿ ಬಂದಿದೆ ಕಣೆ. ಉತ್ತರ ಉದ್ದ ಇದೆ, ಅದಕ್ಕೆ ಫೋನಿಗೆ ಮಾತಾಡಿಯೇ ಬರೆಸುತ್ತಿದ್ದೇನೆ. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ ಎಲ್ಲರೂ.

ನೀನು ಕೇಳಿದ್ದು ಇಷ್ಟು ಅಲ್ವಾ: ಬೆಳ್ಳುಳ್ಳಿ ಕಿತ್ತಾಯ್ತು, ಬಟಾಣಿ ಬಳ್ಳಿ ಒಣಗಿತು, ನಾಲ್ಕಡಿ ಎಂಟಡಿಯ ಎರಡು ರೈಸ್ಡ್ ಬೆಡ್ ಖಾಲಿ. ಜುಲೈ 8 ಆಯ್ತು, ಇನ್ನು ಹಾಕಿದರೆ ಏನಾದರೂ ಬರುತ್ತದಾ? ಬರುತ್ತದೆ. ಆದರೆ ಎರಡೂ ಮಡಿಗೆ ಇವತ್ತೇ ಬೀಜ ಹಾಕಬೇಡ. ಒಂದಕ್ಕೆ ಈ ವಾರ, ಇನ್ನೊಂದಕ್ಕೆ ಆಗಸ್ಟಿನಲ್ಲಿ. ನಾನು ಇದನ್ನು ಕಲಿಯಲು ನಾಲ್ಕು ಬೇಸಿಗೆ ಬೇಕಾಯಿತು.

ಮೊದಲು ನಿಮ್ಮಮ್ಮನ ಮಾತಿಗೆ ಬರುತ್ತೇನೆ. ತಂಗಿ, ನೀನು ಹಾಸನದಲ್ಲಿ ಕೂತು "ಅವರೆ ಹಾಕಿಸು" ಅಂದೆ. ಅಲ್ಲಿ ಈಗ ಪುನರ್ವಸು ಮಳೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಸುಡು ಬಿಸಿಲು, ರಾತ್ರಿ ಎಂಟೂವರೆಗೂ ಬೆಳಕು. ನಮ್ಮ ಸೊಗಡಿನ ಅವರೆಗೆ ಹಗಲು ಚಿಕ್ಕದಾದರೇನೇ ಹೂ ಬಿಡುವ ಮನಸ್ಸು. ನಾನೂ ಒಂದು ವರ್ಷ ಆಸೆಪಟ್ಟು ಮೇ ತಿಂಗಳಲ್ಲಿ ಹಾಕಿದ್ದೆ. ಬಳ್ಳಿ ಬೇಲಿ ದಾಟಿ ಪಕ್ಕದ ಮನೆಯ ಶೆಡ್ ಮೇಲೆ ಹತ್ತಿತು. ಹೂ ಬಂದದ್ದು ಸೆಪ್ಟೆಂಬರ್ ಕೊನೆಗೆ. ಬೆರಳಷ್ಟು ಕಾಯಿ ಕಚ್ಚುವಷ್ಟರಲ್ಲಿ ಒಂದು ರಾತ್ರಿ ಹಿಮ ಬಿತ್ತು, ಬೆಳಿಗ್ಗೆ ಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಹೆಬ್ಬಾಳ ಅವರೆ ತಳಿಗಳಿಗೆ ಈ ಹಗಲಿನ ಲೆಕ್ಕ ಇಲ್ಲ, ನಿಜ. ಆದರೆ ಬೀಜವನ್ನು ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬೇಡ ಮಾರಾಯ್ತಿ. ಸರಿಯಾದ ಕಾಗದ ಇಲ್ಲದೆ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ.

ಈಗ ಲೆಕ್ಕ. ನಮ್ಮ ಕಡೆ ಮೊದಲ ಹಿಮ ಬೀಳುವುದು ಸುಮಾರು ಅಕ್ಟೋಬರ್ ಮಧ್ಯದಿಂದ ಕೊನೆಯೊಳಗೆ. ಇವತ್ತಿನಿಂದ ಅಕ್ಟೋಬರ್ 15ಕ್ಕೆ 99 ದಿನ. ಬೀಜದ ಪ್ಯಾಕೆಟ್ ಮೇಲೆ 55 ದಿನ, 60 ದಿನ ಅಂತ ಬರೆದಿರುತ್ತಾರಲ್ಲ, ಅದಕ್ಕೆ ಇನ್ನೆರಡು ವಾರ ಸೇರಿಸು. ಸೆಪ್ಟೆಂಬರಿನಲ್ಲಿ ಬಿಸಿಲು ಇಳಿಯುತ್ತದೆ, ಗಿಡ ನಿಧಾನ ಆಗುತ್ತದೆ. ಕೊಯ್ಯಲಿಕ್ಕೂ ಎರಡು ಮೂರು ವಾರ ಬೇಕಲ್ಲ! ಅದಕ್ಕೇ ಟೊಮೇಟೊ, ಬದನೆ, ಮೆಣಸಿನಕಾಯಿ ಬೀಜದಿಂದ ಈಗ ಆಗುವುದಿಲ್ಲ. ಬೇಕೇ ಬೇಕು ಅಂದರೆ ನರ್ಸರಿಯಲ್ಲಿ ಉಳಿದ ಸಸಿ ತಾ. ಕುಂಡದಲ್ಲಿ ಬೇರು ಸುತ್ತಿಕೊಂಡು ಹಳದಿಯಾದದ್ದು ಬೇಡ.

ಬೆಳ್ಳುಳ್ಳಿ ಮಡಿಗೆ ಈ ವಾರವೇ ಬಿಸಿಲು ಬೇಡುವವನ್ನು ಹಾಕು. ಬೆಂಡೆ ಮೊದಲು, ಅದಕ್ಕೆ ಒಂದು ದಿನವೂ ತಡ ಬೇಡ. ರಾತ್ರಿ ನೆನೆಸಿ ಬೆಳಿಗ್ಗೆ ಊರು. ಸೆಪ್ಟೆಂಬರ್ ಮೊದಲ ವಾರ ಕಾಯಿ ಶುರು, ರಾತ್ರಿ ತಂಪಾಗುವವರೆಗೆ ಕೊಯ್ಯಬಹುದು. ಪಕ್ಕದಲ್ಲಿ ಗೋರಿಕಾಯಿ, ಅದಕ್ಕೂ ಸೆಖೆ ಅಂದರೆ ಪ್ರಾಣ. ಹುರುಳಿಕಾಯಿಯಲ್ಲಿ ಬಳ್ಳಿ ಜಾತಿ ಬೇಡ, ಗಿಡ್ಡ ಬುಷ್ ಬೀನ್ಸ್ ಹಾಕು, 50-55 ದಿನಕ್ಕೆ ಬರುತ್ತದೆ. ಒಂದು ಮೂಲೆಯಲ್ಲಿ ದಂಟಿನ ಸೊಪ್ಪು ಸುಮ್ನೆ ಚೆಲ್ಲು. ತಿಂಗಳಿಗೆ ಹುಳಿಗೆ ಆಗುತ್ತದೆ. ಜುಕಿನಿ ಇಷ್ಟ ಇದ್ದರೆ ಅದಕ್ಕೂ ಇದೇ ಹೊತ್ತು. ಮೇ ತಿಂಗಳಲ್ಲಿ ಹಾಕಿದವರ ಗಿಡದ ಕಾಂಡ ಕೊರೆಯುವ ಹುಳು ಇದೆಯಲ್ಲ, ನಿನ್ನ ಗಿಡ ದೊಡ್ಡದಾಗುವ ಹೊತ್ತಿಗೆ ಅದರ ಪತಂಗ ಮೊಟ್ಟೆ ಇಡುವ ಕಾಲ ಹೆಚ್ಚುಕಮ್ಮಿ ಮುಗಿದಿರುತ್ತದೆ.

ಬಸಳೆಗೆ ಬೀಜ ಹುಡುಕಬೇಡ. ಇಂಡಿಯನ್ ಅಂಗಡಿಯ ಕಟ್ಟಿನಲ್ಲಿ ದಪ್ಪ ದಂಟು ಇರುತ್ತದಲ್ಲ, ಎಲೆ ಬಿಡಿಸಿಕೊಂಡು ದಂಟನ್ನು ನೀರಿನ ಲೋಟದಲ್ಲಿ ಇಡು. ವಾರದಲ್ಲಿ ಗಿಣ್ಣಿನ ಹತ್ತಿರ ಬಿಳಿ ಬೇರು ಕಾಣುತ್ತದೆ. ಬೇಸಿಲ್ ಕೂಡ ಹಾಗೇ. ದೊಡ್ಡಪತ್ರೆ ತುಂಡು ನಾನೇ ಕೊಡುತ್ತೇನೆ, ಕುಂಡದಲ್ಲಿ ಇಟ್ಟುಕೋ, ಹಿಮಕ್ಕೆ ಮುಂಚೆ ಒಳಗೆ ತರಬೇಕು. ಪುದೀನವನ್ನು ಮಾತ್ರ ಮಡಿಗೆ ಹಾಕಿದೆಯೋ, ಮುಂದಿನ ವರ್ಷ ಆ ಮಡಿ ನಿನ್ನದಲ್ಲ.

ಕೊತ್ತಂಬರಿ ಬಗ್ಗೆ ಎಲ್ಲರೂ ಕೇಳುತ್ತೀರಿ, ಹೇಳಿಬಿಡುತ್ತೇನೆ. ಈಗ ಹಾಕಿದರೆ ನಾಲ್ಕು ಎಲೆ ಬಿಟ್ಟು ಸೀದಾ ಹೂವಿಗೆ ಹೋಗುತ್ತದೆ. ಆಗಸ್ಟ್ 15 ಅಂತ ನೆನಪಿಟ್ಟುಕೋ, ಧ್ವಜಾರೋಹಣದ ದಿನ ಕೊತ್ತಂಬರಿ. ಅಡುಗೆಮನೆಯ ಧನಿಯಾನೇ ಸಾಕು, ಹುರಿದಿರಬಾರದು ಅಷ್ಟೇ. ಲಟ್ಟಣಿಗೆಯನ್ನು ಮೆಲ್ಲಗೆ ಹೊರಳಿಸಿದರೆ ಕಾಳು ಎರಡು ಹೋಳಾಗುತ್ತದೆ, ಹೋಳಿಗೆ ಒಂದು ಗಿಡ. ಪುಡಿ ಮಾಡಿಬಿಡಬೇಡ. ರಾತ್ರಿ ನೆನೆಸಿ ಹಾಕು, ಒಂದರಿಂದ ಎರಡು ವಾರ ಕಾಯಬೇಕು. ಮೆಂತ್ಯಕ್ಕೆ ಅಷ್ಟು ಹಟ ಇಲ್ಲ. ಈಗಲೂ ಹಾಕು, ಆಗಲೂ ಹಾಕು, ಮೂರು ನಾಲ್ಕು ವಾರಕ್ಕೆ ಕೊಯ್ದು ತಿನ್ನು.

ಬಟಾಣಿ ಮಡಿ ಆಗಸ್ಟಿಗೆ. ಬಳ್ಳಿಯನ್ನು ಕೀಳಬೇಡ, ಬುಡಕ್ಕೆ ಕತ್ತರಿಸು, ಬೇರು ಅಲ್ಲೇ ಕೊಳೆಯಲಿ. ಅಲ್ಲಿಗೆ ನವಿಲುಕೋಸು. ಜುಲೈ ಕೊನೆಗೆ ನೆರಳಿನಲ್ಲಿ ಟ್ರೇಗೆ ಬೀಜ ಹಾಕಿ, ಆಗಸ್ಟ್ ಕೊನೆಗೆ ಸಸಿ ನೆಡು. ಸಣ್ಣ ಹಿಮಕ್ಕೆ ಅದು ಜಗ್ಗುವುದಿಲ್ಲ. ನೆಟ್ಟ ದಿನವೇ ಬಲೆ ಮುಚ್ಚು, ಬಿಳಿ ಚಿಟ್ಟೆ ಎಲೆಯ ಅಡಿಗೆ ಮೊಟ್ಟೆ ಇಡುತ್ತದೆ. ಮೂಲಂಗಿ, ಸ್ಪಿನಾಚ್, ಲೆಟ್ಯೂಸ್ ಎಲ್ಲ ಆಗಸ್ಟ್ ಕೊನೆಗೇ. ಮಣ್ಣು 85 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸ್ಪಿನಾಚ್ ಬೀಜ ಮೊಳೆಯಲು ಒಪ್ಪುವುದೇ ಕಷ್ಟ. ಕ್ಯಾರೆಟ್ ಬೇಕಾದರೆ ಜುಲೈ ಮುಗಿಯುವುದರೊಳಗೆ ಹಾಕಿ, ಸಾಲಿನ ಮೇಲೆ ಒಂದು ಹಲಗೆ ಮುಚ್ಚಿಡು. ದಿನಾ ಎತ್ತಿ ನೋಡು, ಮೊದಲ ಮೊಳಕೆ ಕಂಡ ದಿನ ಹಲಗೆ ತೆಗೆ.

ಸಬ್ಬಸಿಗೆ ಹಾಕಿದರೆ ಹಸಿರು ಹುಳು ಬರುತ್ತದೆ, ಮೈಮೇಲೆ ಕಪ್ಪು ಪಟ್ಟೆ, ಅದರಲ್ಲಿ ಹಳದಿ ಚುಕ್ಕೆ. ಹೋದ ವರ್ಷ ಕಡ್ಡಿಯಲ್ಲಿ ಮುಟ್ಟಿ ನೋಡಿದೆ. ತಲೆಯಿಂದ ಎರಡು ಕಿತ್ತಳೆ ಬಣ್ಣದ ಕೊಂಬು ಚಾಚಿತು, ಥೂ, ಎಂಥಾ ವಾಸನೆ! ಅದು ಬ್ಲ್ಯಾಕ್ ಸ್ವಾಲೋಟೇಲ್ ಚಿಟ್ಟೆಯ ಮರಿ. 2016ರಿಂದ ಈ ರಾಜ್ಯದ ಚಿಟ್ಟೆಯೇ ಅದು. ಸಾಯಿಸಬೇಡ, ಎರಡು ಗಿಡ ಅದಕ್ಕೆ ಬಿಡು.

ಇನ್ನು ನೀರು. ನೀನು ಸೋಲುವುದಿದ್ದರೆ ಇಲ್ಲೇ ಸೋಲುವುದು. ಮರದ ಚೌಕಟ್ಟಿನ ಮಡಿ ನೆಲಕ್ಕಿಂತ ಬೇಗ ಒಣಗುತ್ತದೆ, ಅಂಚು ಇನ್ನೂ ಬೇಗ. ಮೇಲೆ ಒದ್ದೆ ಕಂಡಿತು ಅಂತ ನಂಬಬೇಡ. ಬೆರಳನ್ನು ಎರಡನೇ ಗಿಣ್ಣಿನವರೆಗೆ ಇಳಿಸಿ ನೋಡು. ಬೀಜ ಹಾಕುವ ಮುಂಚೆ ಎರಡಂಗುಲ ಕಾಂಪೋಸ್ಟ್ ಸೇರಿಸು, ಬೆಳ್ಳುಳ್ಳಿ ಎಲ್ಲ ತಿಂದು ಹೋಗಿದೆ. ಸಂಜೆ ಗೀರು ಎಳೆದು, ಗೀರಿಗೇ ನೀರು ತುಂಬಿಸಿ, ಇಂಗಿದ ಮೇಲೆ ಬೀಜ ಹಾಕಿ ಒಣ ಮಣ್ಣು ಮುಚ್ಚು. ಮೊಳೆತ ಮೇಲೆ ಒಣಹುಲ್ಲು ಹರಡು.

ಎಳೆ ಸಸಿಗೆ ಮಧ್ಯಾಹ್ನ ನೆರಳು ಬೇಕು. ಶೇಡ್ ನೆಟ್ ಕೊಳ್ಳಬೇಡ. ನಾನು ನಿಮ್ಮ ದೊಡ್ಡಪ್ಪನ ಹಳೇ ಪಂಚೆಯನ್ನು ನಾಲ್ಕು ಬಿದಿರು ಕಡ್ಡಿಗೆ ಕಟ್ಟುತ್ತೇನೆ. ಜರಿ ಅಂಚು ಗಾಳಿಗೆ ಹಾರುವುದನ್ನು ನೋಡಿ ಪಕ್ಕದ ಮನೆ ಅಜ್ಜಿ "ಇವತ್ತು ಏನು ಹಬ್ಬ?" ಅಂತ ಕೇಳಿದರು. ಬೀನ್ಸ್ ಹಬ್ಬ ಅಂದೆ. ಮೊಲಕ್ಕೂ ಬೇಲಿ ಮಾಡಿಸು. ನನ್ನ ಮೊದಲ ವರ್ಷದ ಬೀನ್ಸ್ ಸಸಿ ಮೂವತ್ತೂ ಒಂದೇ ಬೆಳಗಿಗೆ ಹೋಗಿತ್ತು, ಸಾಲಿನುದ್ದಕ್ಕೂ ಕತ್ತರಿ ಹಾಕಿದ ಹಾಗೆ. ಎರಡಡಿ ಎತ್ತರದ ಕೋಳಿ ಬಲೆ ಸಾಕು, ಬುಡ ಮಣ್ಣಿಗೆ ಹೂಳಬೇಕು. ಅಳಿಯಂದಿರಿಗೆ ಹೇಳು, ಶನಿವಾರದೊಳಗೆ ಆಗಬೇಕು.

ಭಾನುವಾರ ಇಲ್ಲಿಗೇ ಊಟಕ್ಕೆ ಬನ್ನಿ. ಬೇರು ಬಂದ ಬಸಳೆ ಆರು ಕಡ್ಡಿ ಲೋಟದಲ್ಲಿ ಇದೆ, ಬೆಂಡೆ ಬೀಜ ಉಳಿದಿದೆ. ಹೋದ ಸಲ ತೆಗೆದುಕೊಂಡು ಹೋದ ಸ್ಟೀಲ್ ಡಬ್ಬ ಎರಡನ್ನೂ ಮರೀದೆ ತಾ.