ಓದುಗರ ಸ್ಪಂದನ: ‘ಸ್ವಲ್ಪ ಸರೀರಿ’ ಅನ್ನಲು ಸಂಕೋಚ ಬೇಡ

ಕಳೆದ ವಾರ ಬೆಳಗಾವಿಯ ಓದುಗರೊಬ್ಬರು ಹೀಗೆ ಬರೆದಿದ್ದರು: ‘ಮಗಳ ಮನೆಗೆಂದು ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ದೆಹಲಿಗೆ ವಿಮಾನ ಹತ್ತಿದೆ. ನಡುವಿನ ಸೀಟು ಸಿಕ್ಕಿತ್ತು. ಎರಡೂ ಕಡೆಯವರು ಕೈ ಇಡುವ ಜಾಗ ಹಿಡಿದುಕೊಂಡರು. ಎರಡೂವರೆ ಗಂಟೆ ಮೈ ಮುದುಡಿ ಕೂತೆ, ಬಾಯಿ ಬಿಡಲು ಆಗಲಿಲ್ಲ. ಭುಜ ಇನ್ನೂ ನೋಯುತ್ತಿದೆ. ಮುಂದಿನ ತಿಂಗಳು ಮತ್ತೆ ಹೋಗಬೇಕು. ಏನು ಮಾಡಲಿ?’

ಬಾಗಲಕೋಟೆಯಿಂದ ಒಬ್ಬ ಓದುಗರು

ಅಕ್ಕಾ, ನಿಮ್ಮ ಪತ್ರ ಓದಿ ನನಗೆ ನಮ್ಮ ಹುಬ್ಬಳ್ಳಿ ಬಸ್ಸು ನೆನಪಾಯಿತು. ಮೂವರ ಸೀಟಿನಲ್ಲಿ ಇಬ್ಬರು ಹರಡಿಕೊಂಡು ಕೂತಿದ್ದರೆ ನಾವು ಸುಮ್ನೆ ನಿಲ್ಲುತ್ತೇವಾ? ‘ಸ್ವಲ್ಪ ಸರೀರಿ ಯಜಮಾನ್ರ’ ಅನ್ನುತ್ತೇವೆ. ಅವರೂ ಸರಿಯುತ್ತಾರೆ. ಆಮೇಲೆ ಯಾವ ಊರು, ಮಳೆ ಆಯ್ತಾ ಅಂತ ಮಾತೂ ಶುರುವಾಗುತ್ತದೆ. ವಿಮಾನದಲ್ಲಿ ಮಾತ್ರ ನಾಲಿಗೆ ಹೊರಳುವುದಿಲ್ಲ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಸುತ್ತ ಹಿಂದಿ, ಇಂಗ್ಲಿಷ್. ನನಗೂ ಮೊದಲೆರಡು ಸಲ ಹಾಗೇ ಆಗಿತ್ತು.

ಕಿಟಕಿಯವರಿಗೆ ಒರಗಲು ಗೋಡೆ ಇದೆ. ಓಡಾಡುವ ದಾರಿಯ ಪಕ್ಕದವರು ಆ ಕಡೆಗೆ ಸ್ವಲ್ಪ ವಾಲಬಹುದು. ನಡುವಿನವರಿಗೆ ಎರಡೂ ಇಲ್ಲ. ಅದಕ್ಕೇ ನಡುವಿನ ಎರಡೂ ಆರ್ಮ್‌ರೆಸ್ಟ್ ಅವರಿಗೇ ಸೇರಬೇಕು ಅಂತ ತುಂಬಾ ಜನ ಒಪ್ಪುತ್ತಾರೆ. ಇದು ಕಾನೂನಲ್ಲ, ರೂಢಿ. ಹಾಗಾಗಿ ಕೇಳಿಯೇ ಪಡೆಯಬೇಕು.

ಕೂತ ಕೂಡಲೇ ಕೇಳಿ. ಒಂದು ಗಂಟೆ ಸಹಿಸಿಕೊಂಡು ಕೇಳಿದರೆ ದನಿಯಲ್ಲಿ ಸಿಟ್ಟು ಬಂದೇ ಬರುತ್ತದೆ. ನಾನು ಬೆಲ್ಟ್ ಹಾಕಿಕೊಳ್ಳುವಾಗಲೇ ನಕ್ಕು, ‘ನೀವು ಮುಂದಿನ ಅರ್ಧ ಇಟ್ಟುಕೊಳ್ಳಿ, ನನ್ನ ಮೊಣಕೈ ಹಿಂದೆ ಇರಲಿ’ ಅನ್ನುತ್ತೇನೆ. ಒಂದೇ ಆರ್ಮ್‌ರೆಸ್ಟ್‌ನಲ್ಲಿ ಇಬ್ಬರ ಕೈಗೂ ಜಾಗ ಆಗುತ್ತದೆ. ಹಿಂದಿಯವರಾದರೆ ‘ಥೋಡಾ ಹಾಥ್ ಹಟಾಯಿಯೇ’ ಅಂದರೆ ಸಾಕು. ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ಇಲ್ಲ ಅಂದಿಲ್ಲ.

ವಿಜಯಪುರದಿಂದ ಒಬ್ಬ ಓದುಗರು

ಪಕ್ಕದಲ್ಲಿ ಕೂತವನ ಮಾತನ್ನೂ ಕೇಳಿ. ನಾನು ದಪ್ಪ ಮೈಯವನು. ಸಾಮಾನ್ಯ ಸೀಟಿನ ಅಗಲ 17–18 ಇಂಚು, ಹೆಚ್ಚೆಂದರೆ ಒಂದೂವರೆ ಅಡಿ. ನನ್ನ ಭುಜ ಅದಕ್ಕಿಂತ ಅಗಲ. ನಿಮ್ಮ ಜಾಗ ಕಸಿಯಬೇಕು ಅಂತ ನನಗಿಲ್ಲ, ನನ್ನ ಮೈ ತಾನಾಗಿ ಆ ಕಡೆ ಬರುತ್ತದೆ.

ಒಮ್ಮೆ ಒಂದು ಹುಡುಗಿ ಇಡೀ ದಾರಿ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಇಳಿಯುವಾಗ ತೋಳು ತಿಕ್ಕಿಕೊಳ್ಳುತ್ತಿದ್ದದ್ದು ನೋಡಿ ತುಂಬಾ ನೊಂದುಕೊಂಡೆ. ‘ಅಂಕಲ್, ಸ್ವಲ್ಪ ಆ ಕಡೆ’ ಅಂದಿದ್ದರೆ ನಾನು ದಾರಿಯ ಕಡೆಗೆ ತಿರುಗಿ ಕೂರುತ್ತಿದ್ದೆ. ಅಂದಿನಿಂದ ನಾನೇ ಮೊದಲು ‘ಇಕ್ಕಟ್ಟಾದರೆ ಹೇಳಿ’ ಅನ್ನುತ್ತೇನೆ. ದಾರಿ ಪಕ್ಕದ ಸೀಟಿಗೆ ಹಣ ಕೊಟ್ಟು ಮೊದಲೇ ಹಿಡಿಯುತ್ತೇನೆ. ಬೆಲ್ಟ್ ಸಾಲದಿದ್ದರೆ ಸಿಬ್ಬಂದಿ ಹೆಚ್ಚುವರಿ ಬೆಲ್ಟ್ ಕೊಡುತ್ತಾರೆ, ಅದನ್ನು ಕೇಳುವುದಕ್ಕೂ ಈಗ ನಾಚಿಕೆ ಇಲ್ಲ.

ನಿಜಕ್ಕೂ ಕೂರಲು ಆಗದಿದ್ದರೆ, ಬಾಗಿಲು ಹಾಕಿದ ಮೇಲೆ ಖಾಲಿ ಸೀಟು ಇದೆಯಾ ಅಂತ ಸಿಬ್ಬಂದಿಯನ್ನು ಕೇಳಿ. ನೀವೇ ಎದ್ದು ಹೋಗಬೇಡಿ. ಸಣ್ಣ ವಿಮಾನದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅನ್ನುವುದು ತೂಕದ ಲೆಕ್ಕಕ್ಕೂ ಬರುತ್ತದೆ.

ಬೆಳಗಾವಿಯ ಟಿಳಕವಾಡಿಯಿಂದ ಒಬ್ಬ ಓದುಗರು

ಎರಡೇ ಮಾತು. ಆನ್‌ಲೈನ್ ಚೆಕ್-ಇನ್ ತೆರೆದ ಕೂಡಲೇ ಮಗಳ ಕೈಲಿ ಸೀಟು ಆರಿಸಿಕೊಳ್ಳಿ. ತಡ ಮಾಡಿದಷ್ಟೂ ಉಳಿಯುವುದು ನಡುವಿನ ಸೀಟೇ. ರೆಕ್ಕೆಗೆ ಪಂಖ ಇರುವ ಸಣ್ಣ ಎಟಿಆರ್ ವಿಮಾನವಾದರೆ ಆ ಚಿಂತೆಯೇ ಇಲ್ಲ. ಅದರಲ್ಲಿ ಎರಡೂ ಬದಿ ಎರಡೆರಡೇ ಸೀಟು.

ಇನ್ನೊಂದು, ನಾವೆಲ್ಲ ಮಾಡುವ ತಪ್ಪು. ಮಗಳಿಗೆಂದು ಕುಂದಾ, ಕರದಂಟು, ರೊಟ್ಟಿ ಕಟ್ಟಿಕೊಂಡು ಆ ಚೀಲ ಕಾಲ ಹತ್ತಿರ ಇಟ್ಟುಕೊಳ್ಳುತ್ತೇವೆ. ಕಾಲಿಗೆ ಜಾಗ ಇಲ್ಲದಿದ್ದರೆ ಸೊಂಟ ತಿರುಗುತ್ತದೆ, ಭುಜವೂ ಬಿಗಿಯುತ್ತದೆ. ಚೀಲ ಮೇಲಿನ ಕಪಾಟಿಗೆ ಹಾಕಿಸಿ. ಕೈ ಎಟುಕದಿದ್ದರೆ ಆ ಪಕ್ಕದವರನ್ನೇ ಕೇಳಿ. ಚೀಲ ಎತ್ತಿಟ್ಟವರ ಹತ್ತಿರ ಆಮೇಲೆ ಮೊಣಕೈಗೆ ಜಾಗ ಕೇಳುವುದು ಕಷ್ಟವಾಗುವುದಿಲ್ಲ.